ಹೆಸರಿನ ಹಸಿರು, ಸಾಲದ ಹಸಿರು: ನಾಲ್ಕು ಬಗೆಯ ಬ್ಯಾಂಕ್ ಉತ್ಪನ್ನಗಳ ಹೋಲಿಕೆ

ಪರಿಸರಸ್ನೇಹಿ ಎಂದು ಮಾರುವ ಕಾರ್ಡು, ಠೇವಣಿ, ಗೃಹಸಾಲ, ಇಡೀ ಬ್ಯಾಂಕು: ಈ ನಾಲ್ಕರಲ್ಲಿ ಮೊದಲು ಕಾರ್ಡು. ಒಂದೇ ಕಾರ್ಡಿನಲ್ಲಿ ಎರಡು ಜೊತೆ ಬೂಟು ಕೊಂಡು ನೋಡಿ. ಒಂದು ಅಗ್ಗದ್ದು, ಆರು ತಿಂಗಳಿಗೆ ಅಟ್ಟೆ ಕಿತ್ತುಬರುವಂಥದ್ದು. ಇನ್ನೊಂದಕ್ಕೆ ಅದರ ಮೂರು ಪಟ್ಟು ಬೆಲೆ, ಆದರೆ ಐದು ವರ್ಷ ಬಾಳುತ್ತದೆ. ಇಂಗಾಲದ ಲೆಕ್ಕ ತೋರಿಸುವ ಕಾರ್ಡಾಗಿದ್ದರೆ ಅದರ ಆ್ಯಪ್ ಎರಡನೆಯ ಜೊತೆಗೆ ಮೂರು ಪಟ್ಟು ಮಾಲಿನ್ಯ ಬರೆದುಕೊಳ್ಳುತ್ತದೆ. ತಪ್ಪು ಆ್ಯಪಿನದಲ್ಲ, ಅದಕ್ಕೆ ಸಿಗುವ ಮಾಹಿತಿಯೇ ಅಷ್ಟು. ಬ್ಯಾಂಕಿಗೆ ತಲುಪುವುದು ಅಂಗಡಿಯ ಹೆಸರು, ಮೊತ್ತ, ಜೊತೆಗೆ ನಾಲ್ಕಂಕಿಯ ಒಂದು ವ್ಯಾಪಾರಿ ಸಂಕೇತ. ಸೂಪರ್‌ಮಾರ್ಕೆಟ್ಟಿಗೆ 5411, ಊಟದ ಹೋಟೆಲಿಗೆ 5812, ಎಟಿಎಂ ನಗದಿಗೆ 6011. ಮೊತ್ತವನ್ನು ಆಯಾ ಸಂಕೇತದ ಸರಾಸರಿ ಅಂಶದಿಂದ (ಇಷ್ಟು ಖರ್ಚಿಗೆ ಇಷ್ಟು ಇಂಗಾಲ ಎಂಬ ಅಂದಾಜಿನಿಂದ) ಗುಣಿಸಿದರೆ ಲೆಕ್ಕ ಮುಗಿಯಿತು. 5411ರೊಳಗೆ ಬೇಳೆ ಕೊಂಡಿರೋ ಮಾಂಸ ಕೊಂಡಿರೋ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗೆಂದು ಎಲ್ಲ ಸಾಲುಗಳೂ ಒಂದೇ ಮಟ್ಟದಲ್ಲಿ ಸುಳ್ಳಲ್ಲ. ಇಂಧನದ ಸಂಕೇತಗಳಲ್ಲಿ (5541, 5542) ಅಂದಾಜು ಸುಮಾರಾಗಿ ಸರಿ ಬರುತ್ತದೆ. ಲೀಟರಿನ ಬೆಲೆ ಗೊತ್ತು, ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಎಂಬುದೂ ಗೊತ್ತು. ಆದರೆ ಬಾಡಿಗೆ, ವಿದ್ಯುತ್ ಬಿಲ್ಲಿನಂಥ ದೊಡ್ಡ ಬಾಬ್ತುಗಳು ಕಾರ್ಡಿನಿಂದಲ್ಲ, ನೇರವಾಗಿ ಖಾತೆಯಿಂದ ಹೋಗುತ್ತವೆ. ಕಾರ್ಡಿಗಷ್ಟೇ ಕಟ್ಟಿದ ಆ್ಯಪಿನಲ್ಲಿ ಅವು ಸೇರುವುದೇ ಇಲ್ಲ. ರದ್ದಾದ ವಿಮಾನ ಟಿಕೆಟಿನ ಹಣ ವಾಪಸ್ಸಾದ ಮೇಲೆ ಅದರ ಇಂಗಾಲವೂ ಕಳೆಯಿತೇ ಎಂದು ಒಮ್ಮೆ ನೋಡಿ. ಕಳೆಯದಿದ್ದರೆ ತಿಂಗಳ ಮೊತ್ತವನ್ನು ನಂಬುವ ಹಾಗಿಲ್ಲ.

ಇನ್ನು ಕಾರ್ಡಿನ ಮೈ. ಮರದ್ದು, ಮೆಕ್ಕೆಜೋಳದ ಪ್ಲಾಸ್ಟಿಕ್ಕಿನದ್ದು, ಮರುಬಳಕೆಯ ಪಿವಿಸಿಯದ್ದು ಎಂದು ಮಾರುತ್ತಾರೆ. ಯಾವುದಾದರೂ ಅಳತೆ ಒಂದೇ, 85.60 × 53.98 ಮಿಲಿಮೀಟರ್, ದಪ್ಪ 0.76, ತೂಕ ಐದು ಗ್ರಾಮಿನ ಆಸುಪಾಸು. ಚಿಪ್ಪು, ಆಂಟೆನಾ ಹಳೆಯವೇ. ಇನ್ನೂ ಮೂರು ವರ್ಷ ನಡೆಯುವ ಕಾರ್ಡನ್ನು ಕತ್ತರಿಸಿ 'ಪರಿಸರಸ್ನೇಹಿ' ಕಾರ್ಡ್ ತರಿಸಿಕೊಂಡರೆ ಆ ಐದು ಗ್ರಾಮಿನ ಉಳಿತಾಯವೂ ನಷ್ಟ. ಖರ್ಚಿಗೊಂದು ಗಿಡ ನೆಡುವ ಯೋಜನೆಗಳಲ್ಲಿ ಕೇಳಬೇಕಾದ್ದು ಇಷ್ಟೇ: ಮೂರನೆಯ ವರ್ಷ ಬದುಕಿರುವ ಗಿಡಗಳನ್ನು ಎಣಿಸುವವರು ಯಾರು? ನೆಟ್ಟ ಸಂಖ್ಯೆ ಹೇಳುವವರು ಬೇಕಾದಷ್ಟು ಸಿಗುತ್ತಾರೆ.

ಮುಖ್ಯ ಕೊರತೆ ಬೇರೆಯೇ ಇದೆ. ಈ ಕಾರ್ಡು ಲೆಕ್ಕ ಹಾಕುವುದು ನಿಮ್ಮ ಖರ್ಚನ್ನು, ಬ್ಯಾಂಕಿನ ಸಾಲವನ್ನಲ್ಲ. ಗಣಿಗೆ ಸಾಲ ಕೊಟ್ಟವರು ಗ್ರಾಹಕನ ಕಾಫಿ ಲೋಟದ ಇಂಗಾಲ ಅಳೆಯುತ್ತಾರೆ.

ಹಸಿರು ಠೇವಣಿ

ಇದರಲ್ಲಿ ಮಾತು ಸಾಲದ ಕಡೆಗೆ ತಿರುಗುತ್ತದೆ. ನೀವಿಟ್ಟ ಮೊತ್ತಕ್ಕೆ ಸಮನಾದ ಸಾಲ ಸೌರ ಘಟಕಕ್ಕೋ ನೀರು ಶುದ್ಧೀಕರಣಕ್ಕೋ ಹೋಗುತ್ತದೆ ಎಂಬ ಭರವಸೆ. ತೊಡಕಿರುವುದು 'ಸಮನಾದ' ಎಂಬ ಪದದಲ್ಲಿ. ಹಣಕ್ಕೆ ಗುರುತು ಇರುವುದಿಲ್ಲ. ಸೌರ ಘಟಕಕ್ಕೆ ಎರಡು ವರ್ಷದ ಹಿಂದೆಯೇ ಸಾಲ ಕೊಟ್ಟಿದ್ದ ಬ್ಯಾಂಕು ಈಗ ಹಸಿರು ಠೇವಣಿ ತೆರೆದು, ಆ ಹಳೆಯ ಸಾಲವನ್ನೇ ಅದರ ಎದುರಿಗೆ ಬರೆದುಕೊಂಡಿತು ಅನ್ನಿ. ಕಾಗದದ ಮೇಲೆ ಎಲ್ಲವೂ ಸರಿ. ನೆಲದ ಮೇಲೆ ಒಂದು ಫಲಕವೂ ಹೆಚ್ಚಾಗಿಲ್ಲ. ಹಾಗೆ ಬಿಡುವಾದ ಸಾಮಾನ್ಯ ಠೇವಣಿ ಕಲ್ಲಿದ್ದಲಿಗೆ ಹೋದರೂ ಕೇಳುವವರಿಲ್ಲ.

ಹಾಗಾಗಿ ಬಡ್ಡಿ ದರಕ್ಕಿಂತ ಮೊದಲು ಮೂರು ಕಾಗದ ಓದಬೇಕು. ಮೊದಲನೆಯದು ನಿಯಮಾವಳಿ. ಅದರಲ್ಲಿ ಯಾವುದಕ್ಕೆ ಕೊಡುತ್ತೇವೆ ಎಂಬ ಪಟ್ಟಿಗಿಂತ ಯಾವುದಕ್ಕೆ ಕೊಡುವುದಿಲ್ಲ ಎಂಬ ಪಟ್ಟಿಗೆ ಹೆಚ್ಚು ಬೆಲೆ. ಎರಡನೆಯದು ಹಂಚಿಕೆ ವರದಿ: ಸಂಗ್ರಹವಾದದ್ದೆಷ್ಟು, ಸಾಲವಾಗಿ ಹೋದದ್ದೆಷ್ಟು, ಉಳಿದದ್ದು ಎಲ್ಲಿ ಕೂತಿದೆ, ಹೊಸ ಸಾಲವೆಷ್ಟು, ಹಳೆಯದಕ್ಕೆ ಅಂಟಿಸಿದ್ದೆಷ್ಟು. ಈ ಕೊನೆಯ ಅಂಕಿ ಕಾಣದಿದ್ದರೆ ಮೇಲಿನ ಅನುಮಾನ ಹಾಗೇ ಉಳಿಯುತ್ತದೆ. ಮೂರನೆಯದು ಹೊರಗಿನವರ ಪರಿಶೀಲನೆ. ಎಡವುವುದು ಹೆಚ್ಚಾಗಿ ಇದರಲ್ಲೇ. ಠೇವಣಿ ತೆರೆಯುವ ಮುನ್ನ 'ನಿಯಮಾವಳಿ ಚೆನ್ನಾಗಿದೆ' ಎಂದು ಕೊಡುವ ಅಭಿಪ್ರಾಯ ಬೇರೆ, ಹಣ ಹೋದ ಮೇಲೆ 'ಹೇಳಿದಲ್ಲಿಗೇ ಹೋಗಿದೆ' ಎಂದು ಕೊಡುವ ದೃಢೀಕರಣ ಬೇರೆ. ಜಾಹೀರಾತಿನಲ್ಲಿ ಕಾಣುವುದು ಬಹುತೇಕ ಮೊದಲಿನದು.

ನಿಯಂತ್ರಕರೇ ಗೆರೆ ಎಳೆದ ಉದಾಹರಣೆ ಬೇಕಿದ್ದರೆ ಭಾರತೀಯ ರಿಸರ್ವ್ ಬ್ಯಾಂಕಿನ ಹಸಿರು ಠೇವಣಿ ಚೌಕಟ್ಟು ನೋಡಬಹುದು. 2023ರ ಜೂನ್ 1ರಿಂದ ಜಾರಿಯಲ್ಲಿದೆ. ನವೀಕರಿಸಬಹುದಾದ ಇಂಧನ, ಶುದ್ಧ ಸಾರಿಗೆ, ಹಸಿರು ಕಟ್ಟಡ ಮೊದಲಾದ ಒಂಬತ್ತು ವಲಯಗಳಿಗೆ ಮಾತ್ರ ಹಣ ಹೋಗಬೇಕು. ಪರಮಾಣು ವಿದ್ಯುತ್, ತಂಬಾಕು, ಮದ್ಯ, ಶಸ್ತ್ರಾಸ್ತ್ರ, ಕಸ ನೇರವಾಗಿ ಸುಡುವುದು, 25 ಮೆಗಾವಾಟಿಗಿಂತ ದೊಡ್ಡ ಜಲವಿದ್ಯುತ್ ಯೋಜನೆ ಇವೆಲ್ಲ ಹೊರಗೆ. ಹಂಚದೆ ಉಳಿದ ಹಣವನ್ನು ಗರಿಷ್ಠ ಒಂದು ವರ್ಷ ಅವಧಿಯ ಸುಲಭ ನಗದೀಕರಣದ ಸಾಧನಗಳಲ್ಲಷ್ಟೇ ಇಡಬಹುದು. ಪ್ರತಿ ವರ್ಷ ಮೂರನೆಯವರಿಂದ ಪರಿಶೀಲನೆ ಕಡ್ಡಾಯ. ಬೇರೆ ಯಾವ ದೇಶದ ಠೇವಣಿಯನ್ನಾದರೂ ಇದರ ಪಕ್ಕಕ್ಕಿಟ್ಟು ನೋಡಿದರೆ ಎಲ್ಲೆಲ್ಲಿ ಸಡಿಲ ಬಿಟ್ಟಿದ್ದಾರೆ ಎಂಬುದು ಬೇಗ ಕಾಣುತ್ತದೆ.

ಬಡ್ಡಿಯ ಒಂದು ಪಾಲು ದಾನಕ್ಕೆ ಹೋಗುವ ಖಾತೆಗಳನ್ನೂ ಇದೇ ಕಪಾಟಿನಲ್ಲಿಟ್ಟು ಮಾರುತ್ತಾರೆ. ಅಲ್ಲಿ ಸಾಲದ ಪಟ್ಟಿ ಬದಲಾಗುವುದಿಲ್ಲ, ಬಿಟ್ಟುಕೊಟ್ಟ ಬಡ್ಡಿಯ ಮೇಲಿನ ತೆರಿಗೆಯೂ ನಿಮ್ಮ ಹೆಸರಿಗೇ ಬೀಳಬಹುದು. ಒಳ್ಳೆಯ ಬಡ್ಡಿ ಕೊಡುವಲ್ಲಿ ಹಣವಿಟ್ಟು ದಾನವನ್ನು ಕೈಯಾರೆ ಮಾಡುವುದೇ ಲೇಸು.

ಹಸಿರು ಗೃಹಸಾಲ

ಇಂಧನ ಕಡಿಮೆ ಬೇಡುವ ಮನೆಗೆ ಬಡ್ಡಿಯಲ್ಲಿ ರಿಯಾಯಿತಿ. ಎಷ್ಟು ಉಳಿಯುತ್ತದೆ ಎಂದು ಮೊದಲು ಲೆಕ್ಕ ಹಾಕಿ. ನಾಣ್ಯ ಯಾವುದಾದರೂ ಸರಿ: 1,00,000ದ ಸಾಲ, 20 ವರ್ಷ, 5 ಶೇಕಡಾ ಬಡ್ಡಿಗೆ ತಿಂಗಳ ಕಂತು ಸುಮಾರು 660. ಬಡ್ಡಿ 4.9ಕ್ಕೆ ಇಳಿದರೆ 654.4. ತಿಂಗಳಿಗೆ ಐದೂವರೆ, ಇಡೀ ಅವಧಿಗೆ 1,320ರ ಆಸುಪಾಸು. ಇಂಧನ ದಕ್ಷತೆಯ ಪ್ರಮಾಣಪತ್ರದ ಶುಲ್ಕ, ಮೌಲ್ಯಮಾಪನದ ಶುಲ್ಕ ಇದರಲ್ಲಿ ಕಳೆಯಬೇಕು. ಸಾಲ ಚಿಕ್ಕದಾದಷ್ಟೂ ಕೈಯಲ್ಲಿ ಉಳಿಯುವುದು ಕಡಿಮೆ.

ಆಗಲೇ ದಕ್ಷವಾಗಿ ಕಟ್ಟಿ ನಿಂತ ಮನೆಗೆ ಕೊಡುವ ರಿಯಾಯಿತಿಯಿಂದ ಹೊಸದಾಗಿ ಏನೂ ಆಗುವುದಿಲ್ಲ. ಅದು ಮನೆ ಕೊಂಡವರಿಗೆ ಸಿಕ್ಕ ಬಹುಮಾನ. ಹಳೆಯ ಮನೆಯ ಚಾವಣಿಗೆ ಶಾಖನಿರೋಧಕ ಹಾಕಿಸಲು, ಕಿಟಕಿ ಬದಲಿಸಲು, ಸೌರ ಫಲಕ ಕೂರಿಸಲು ಕೊಡುವ ಸಾಲದಿಂದ ಮಾತ್ರ ಬಳಕೆ ನಿಜಕ್ಕೂ ಇಳಿಯುತ್ತದೆ. ಇದರಲ್ಲಿ ಕ್ರಮ ತಪ್ಪಬಾರದು. ಮೊದಲು ಈಗಿನ ಸ್ಥಿತಿಯ ಪ್ರಮಾಣಪತ್ರ, ಆಮೇಲೆ ಗುತ್ತಿಗೆದಾರರ ಲಿಖಿತ ಅಂದಾಜು, ಸಾಲ ಮಂಜೂರಾತಿ, ಕೆಲಸ, ಕೊನೆಗೆ ಗಡುವಿನೊಳಗೆ ಎರಡನೆಯ ಪ್ರಮಾಣಪತ್ರ. ಮೊದಲಿನದು ಮಾಡಿಸದೆ ಕೆಲಸ ಶುರು ಮಾಡಿದರೆ ಎಷ್ಟು ಸುಧಾರಿಸಿತು ಎಂದು ತೋರಿಸಲು ಆಧಾರವೇ ಇರುವುದಿಲ್ಲ, ರಿಯಾಯಿತಿ ಕೈತಪ್ಪುತ್ತದೆ.

ಇಡೀ ಬ್ಯಾಂಕೇ ಹಾಗಿದ್ದರೆ

ಜರ್ಮನಿಯ ಬೋಖುಮ್‌ನಲ್ಲಿ 1974ರಲ್ಲಿ ಶುರುವಾದ ಜಿಎಲ್ಎಸ್, ನೆದರ್ಲೆಂಡ್ಸ್‌ನ ಟ್ರಿಯೋಡೋಸ್ (1980), ಇಟಲಿಯ ಬಾಂಕಾ ಎಟಿಕಾ (1999) 'ನೈತಿಕ ಬ್ಯಾಂಕು' ಎಂಬ ಈ ಜಾತಿಯವು. ಇಂಥ ಬ್ಯಾಂಕುಗಳ ಜಾಗತಿಕ ಒಕ್ಕೂಟ 2009ರಲ್ಲಿ ಹುಟ್ಟಿತು. ಇವುಗಳಲ್ಲಿ ಹಸಿರು ಖಾತೆ, ಸಾದಾ ಖಾತೆ ಎಂಬ ಭೇದವೇ ಬರುವುದಿಲ್ಲ, ಏಕೆಂದರೆ ಷರತ್ತು ಇಡೀ ಸಾಲದ ಪುಸ್ತಕಕ್ಕೆ, ಅಂದರೆ ಬ್ಯಾಂಕು ಕೊಟ್ಟ ಎಲ್ಲ ಸಾಲಗಳಿಗೆ. ಯಾವ ಸಂಸ್ಥೆಗಳಿಗೆ ಸಾಲ ಕೊಟ್ಟಿದ್ದೇವೆ ಎಂಬುದನ್ನು ಹೆಸರು ಹಿಡಿದು ಪ್ರಕಟಿಸುವ ರೂಢಿಯೂ ಇದೆ. ಆ ಪಟ್ಟಿಯಿಂದ ಮೂರು ಹೆಸರು ಆರಿಸಿ ಹುಡುಕಿ ನೋಡುವುದು ಹತ್ತು ನಿಮಿಷದ ಕೆಲಸ. ಇಂಥ ಪರೀಕ್ಷೆಗೆ ಮೇಲಿನ ಮೂರೂ ಉತ್ಪನ್ನಗಳು ಅವಕಾಶ ಕೊಡುವುದಿಲ್ಲ.

ದೊಡ್ಡ ಬ್ಯಾಂಕುಗಳ ತಾಣದಲ್ಲಿ ಕಾಣುವ ಲಾಂಛನಗಳು ಈ ಪಟ್ಟಿಗೆ ಸಮವಲ್ಲ. ಉದಾಹರಣೆಗೆ, ಪರಿಸರ ಮತ್ತು ಸಾಮಾಜಿಕ ಅಪಾಯ ನೋಡಿ ಸಾಲ ಕೊಡಲು ಬ್ಯಾಂಕುಗಳು ತಾವಾಗಿ ಒಪ್ಪಿಕೊಂಡ 2003ರ ಈಕ್ವೇಟರ್ ತತ್ವಗಳು ಯೋಜನಾ ಸಾಲಗಳಿಗೆ, ಅದೂ ಒಂದು ಕೋಟಿ ಡಾಲರ್ ವೆಚ್ಚದ ಮೇಲಿನವುಗಳಿಗೆ ಮುಖ್ಯವಾಗಿ ಅನ್ವಯ. ಅದೇ ಕಂಪನಿಗೆ ಸಾಮಾನ್ಯ ವ್ಯವಹಾರಕ್ಕೆಂದು ಕೊಟ್ಟ ಸಾಲ ಹೊರಗೇ ಉಳಿಯುತ್ತದೆ. ಲಾಂಛನದ ಬದಲು, ಸಾಲಗಳಿಂದಾದ ಒಟ್ಟು ಹೊರಸೂಸುವಿಕೆ ಎಷ್ಟು ಟನ್, ಅದು ಸಾಲದ ಪುಸ್ತಕದ ಎಷ್ಟು ಪಾಲಿನ ಲೆಕ್ಕ ಎಂದು ಕೇಳಿ. ಎರಡನೆಯ ಅಂಕಿ ಇಲ್ಲದ ಮೊದಲ ಅಂಕಿಗೆ ಅರ್ಥವಿಲ್ಲ.

ದಿನಬಳಕೆಯಲ್ಲಿ ಕಷ್ಟಗಳೂ ಇವೆ: ಶಾಖೆ ವಿರಳ, ನಗದು ಕಟ್ಟಲು ಪರದಾಟ, ಬಡ್ಡಿ ತುಸು ಕಡಿಮೆ, ಕೆಲವೆಡೆ ತಿಂಗಳ ವಂತಿಗೆ. ಇವನ್ನೆಲ್ಲ ಸಹಿಸಬಹುದು. ಸಹಿಸಲಾಗದ ಪೆಟ್ಟು ಬೀಳುವುದು ಠೇವಣಿಯನ್ನೂ ಬ್ಯಾಂಕಿನ ಪಾಲುಪತ್ರವನ್ನೂ (ಶೇರಿನಂಥದ್ದು) ಒಂದೇ ಎಂದುಕೊಂಡಾಗ. ಟ್ರಿಯೋಡೋಸ್‌ನ ಪಾಲುಪತ್ರಗಳಿಗೆ ಬ್ಯಾಂಕೇ ಆಸ್ತಿ ಮೌಲ್ಯದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿತ್ತು. 2020ರ ಮಾರ್ಚ್‌ನಲ್ಲಿ ಮಾರುವವರು ಹೆಚ್ಚಾಗಿ ವಹಿವಾಟು ನಿಂತಿತು. 2023ರಲ್ಲಿ ಬೇರೆ ವೇದಿಕೆಯಲ್ಲಿ ಮತ್ತೆ ಶುರುವಾದಾಗ ಬೆಲೆ ಹಳೆಯದಕ್ಕಿಂತ ಬಹಳ ಕೆಳಗಿತ್ತು. ಠೇವಣಿಗೆ ಒಂದು ಮಿತಿಯವರೆಗೆ ವಿಮೆ ಇರುತ್ತದೆ, ಪಾಲುಪತ್ರಕ್ಕೆ ಇಲ್ಲ. ಅರ್ಜಿಯಲ್ಲಿ ಯಾವ ಪದ ಬರೆದಿದೆ ಎಂದು ಸಹಿಗೆ ಮುಂಚೆ ನೋಡಬೇಕು.

ನಮ್ಮ ಆಯ್ಕೆಯ ಕ್ರಮ: ನೈತಿಕ ಬ್ಯಾಂಕಿನ ಖಾತೆ ಸಿಗುವಲ್ಲಿ ಅದೇ ಮೊದಲು, ಸಿಗದಲ್ಲಿ ಹಂಚಿಕೆಯ ದೃಢೀಕರಣವಿರುವ ಹಸಿರು ಠೇವಣಿ, ಮನೆ ದುರಸ್ತಿ ಇದ್ದರೆ ಅದರ ಸಾಲ. ಕಾರ್ಡನ್ನು ಈಗಿರುವುದರ ಅವಧಿ ಮುಗಿದಾಗ ಬೇಕಿದ್ದರೆ ತೆಗೆದುಕೊಳ್ಳಿ.

ಖಾತೆ ಬದಲಿಸುವವರು ಹಿಂದಿನ 13 ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಂಡು ತಾನಾಗಿ ಕಡಿತವಾಗುವ ಪ್ರತಿ ಸಾಲಿಗೂ ಗುರುತು ಹಾಕಿ. ಹನ್ನೆರಡು ಸಾಲದು, ವರ್ಷಕ್ಕೊಮ್ಮೆ ಬರುವ ವಿಮಾ ಕಂತು ನಾಲ್ಕು ದಿನ ಹಿಂದೆ ಮುಂದೆ ಆದರೆ ತಪ್ಪಿಹೋಗುತ್ತದೆ. ಸಂಬಳವನ್ನು ಮೊದಲು ಹೊಸ ಖಾತೆಗೆ ತಿರುಗಿಸಿ, ಒಂದು ತಿಂಗಳು ಬಂದದ್ದು ನೋಡಿಕೊಂಡು ಕಂತುಗಳನ್ನು ಒಂದೊಂದಾಗಿ ಸರಿಸಿ. ಹಳೆಯ ಖಾತೆಯಲ್ಲಿ ಕನಿಷ್ಠ ಶಿಲ್ಕು ಉಳಿಸಿ ಇನ್ನೂ 13 ತಿಂಗಳು ತೆರೆದಿಡಿ. ಮುಚ್ಚುವ ದಿನ ಕಾರಣದ ಅಂಕಣವನ್ನು ಖಾಲಿ ಬಿಡದೆ, ಯಾವ ಸಾಲಗಳ ಕಾರಣಕ್ಕೆ ಹೋಗುತ್ತಿದ್ದೀರಿ ಎಂದು ಬರೆದು, ಮುಕ್ತಾಯದ ಪತ್ರ ಕೇಳಿ ಪಡೆಯಿರಿ.