ಶೇಕಡಾ ಲೆಕ್ಕವೋ, ಮೈ ಹೇಳಿದ್ದೋ? ಎರಡೂ ದಾರಿಯಲ್ಲಿ ಸ್ಟ್ರಾಂಗ್‌ಮ್ಯಾನ್ ತಯಾರಿ ಮಾಡಿ ನೋಡಿದೆ

ಒಂಬತ್ತನೇ ಸಲ ಕಲ್ಲು ತೊಡೆಯವರೆಗೆ ಬಂತು. ಅಲ್ಲಿಂದ ಮೇಲೇಳಲಿಲ್ಲ. ನಾನೂ ಬಿಡಲಿಲ್ಲ. ಬೆನ್ನು ಬಾಗಿಸಿ ಎಳೆದೆ. ಸೊಂಟದ ಎಡಗಡೆ ಚಳಕ್ ಎಂದಿತು. ಹಾಗೇ ಕುಸಿದು ಕೂತೆ. ಮೊದಲ ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಗೆ ಇನ್ನು ಐದು ವಾರ ಇತ್ತು. ಆ ದಿನದ ಪಟ್ಟಿಯಲ್ಲಿ ಹತ್ತು ಎಂದು ಬರೆದಿತ್ತು, ಅದಕ್ಕೇ ಎಂಟಕ್ಕೆ ನಿಲ್ಲಿಸಲಿಲ್ಲ. ಎಂಟನೆಯದೇ ತುಂಬಾ ಕಷ್ಟಪಟ್ಟು ಹೋಗಿತ್ತು ಅನ್ನೋದು ನನಗೆ ಚೆನ್ನಾಗಿ ಗೊತ್ತಿತ್ತು.

ಆಮೇಲಿನ ಎರಡು ವರ್ಷದಲ್ಲಿ ಇನ್ನೂ ಎರಡು ಸ್ಪರ್ಧೆಗೆ ತಯಾರಾದೆ. ಒಟ್ಟು ಮೂರು ತಯಾರಿ. ಸೊಂಟ ಹಿಡಿದ ಆ ಮೊದಲನೆಯದು ಪೂರ್ತಿ ಶೇಕಡಾ ಲೆಕ್ಕದಲ್ಲಿ. ಎರಡನೆಯದು ಪೂರ್ತಿ ಮೈ ಹೇಳಿದಂತೆ. ಮೂರನೆಯದಕ್ಕೆ ಎರಡನ್ನೂ ಸೇರಿಸಿದೆ, ಜೊತೆಗೆ ಎರಡಕ್ಕೂ ಸೇರದ ಒಂದಿಷ್ಟನ್ನು ಹಾಕಿದೆ. ಪ್ರತಿ ತಯಾರಿಯೂ 12 ವಾರ. ನನಗೆ ಈಗ 34 ವರ್ಷ, ತೂಕ 88 ಕೆಜಿ, 90 ಕೆಜಿ ಒಳಗಿನ ವಿಭಾಗದಲ್ಲಿ ಆಡುತ್ತೇನೆ. ಬೆಂಗಳೂರಿನಲ್ಲಿ ದಿನವಿಡೀ ಕೂತು ಮಾಡುವ ಕೆಲಸ. ವಾರದಲ್ಲಿ ಮೂರು ಸಂಜೆ ಒಂದೊಂದು ಗಂಟೆ, ಶನಿವಾರ ಮೂರು ಗಂಟೆ. ಸಿಗುವ ಸಮಯ ಇಷ್ಟೇ. ಇದೇ ಥರ ಬದುಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದನ್ನೇ ಉದ್ಯೋಗ ಮಾಡಿಕೊಂಡವರ ಲೆಕ್ಕ ಬೇರೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಬಾರ್, ಅಂದರೆ ಎರಡೂ ತುದಿಗೆ ಭಾರದ ತಟ್ಟೆ ಹಾಕಿದ ಕಬ್ಬಿಣದ ಸರಳು, ಎತ್ತುವುದು ಒಂದು ಭಾಗ ಮಾತ್ರ. ದಿಮ್ಮಿಯಂಥ ದಪ್ಪ ಲಾಗನ್ನು ತಲೆ ಮೇಲಕ್ಕೆ ಒತ್ತಬೇಕು. ಯೋಕ್ ಎಂಬ ಕಬ್ಬಿಣದ ಚೌಕಟ್ಟನ್ನು ನೊಗದ ಹಾಗೆ ಹೆಗಲ ಮೇಲೆ ಹೊತ್ತು ಓಡಬೇಕು. ಎರಡು ಕೈಯಲ್ಲಿ ಎರಡು ಭಾರ ಹಿಡಿದು ನಡೆಯುವುದು ಫಾರ್ಮರ್ಸ್ ವಾಕ್. ಕೊನೆಗೆ ಗುಂಡಗಿನ ಕಾಂಕ್ರೀಟ್ ಕಲ್ಲು, ಅಟ್ಲಾಸ್ ಸ್ಟೋನ್. ಅದನ್ನು ಎತ್ತಿ ಕಟ್ಟೆ ಮೇಲೆ ಇಡಬೇಕು. ಇವೆಲ್ಲ ಒಂದೇ ದಿನ. ಟಿವಿಯಲ್ಲಿ ಬರುವ ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್ ಶುರುವಾಗಿದ್ದು 1977ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಆದರೆ ಉತ್ತರ ಕರ್ನಾಟಕದವರಿಗೆ ಇದು ಅಷ್ಟೇನೂ ಹೊಸದಲ್ಲ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು, ಉಸುಕಿನ ಚೀಲ ಎತ್ತುವುದು ನಾವು ಚಿಕ್ಕಂದಿನಿಂದ ನೋಡಿದ್ದೇ ಅಲ್ವಾ?

ಮೊದಲ ದಾರಿ: ಕಾಗದ ಹೇಳಿದಷ್ಟು

ಶೇಕಡಾ ಲೆಕ್ಕ ಸರಳ. ನೀವು ಒಂದು ಸಲ ಎತ್ತಬಲ್ಲ ಅತಿ ಹೆಚ್ಚು ಭಾರ ಎಷ್ಟು ಎಂದು ನೋಡಿಕೊಳ್ಳುವುದು. ಅದರಲ್ಲಿ ಇಷ್ಟು ಪಾಲು ಈ ವಾರ, ಇಷ್ಟು ಪಾಲು ಮುಂದಿನ ವಾರ. ಆಗ ನನ್ನ ಡೆಡ್‌ಲಿಫ್ಟ್, ಅಂದರೆ ಬಾರ್ ಅನ್ನು ನೆಲದಿಂದ ಎಳೆದು ನೆಟ್ಟಗೆ ನಿಲ್ಲುವುದು, 200 ಕೆಜಿ ಇತ್ತು. ಮೊದಲ ವಾರ ಶೇ 75, ಅಂದರೆ 150. ಎರಡನೇ ವಾರ 160. ಮೂರನೇ ವಾರ 170. ನಾಲ್ಕನೇ ವಾರ ಡಿಲೋಡ್: 120ಕ್ಕೆ ಇಳಿಸಿ ಮೈಗೆ ಬಿಡುವು ಕೊಡುವುದು. ಆಮೇಲೆ ಸ್ವಲ್ಪ ಮೇಲಿನಿಂದ ಮತ್ತೆ ಶುರು.

ಇದರ ದೊಡ್ಡ ಲಾಭ ಅಂದರೆ ತಲೆಗೆ ಸಿಗುವ ಆರಾಮ. ಸಂಜೆ ಕೆಲಸ ಮುಗಿಸಿ, ಟ್ರಾಫಿಕ್‌ನಲ್ಲಿ ಒಂದು ಗಂಟೆ ಕಳೆದು ಜಿಮ್‌ಗೆ ಬಂದಾಗ ಯೋಚನೆ ಮಾಡುವ ಶಕ್ತಿ ಉಳಿದಿರುವುದಿಲ್ಲ. ಪುಸ್ತಕ ತೆಗೆದರೆ 160, ಐದು ರೆಪ್, ಮೂರು ಸೆಟ್ ಎಂದು ಬರೆದಿರುತ್ತದೆ, ಅಂದರೆ ಒಂದು ಸರದಿಗೆ ಐದು ಸಲ, ಅಂಥ ಮೂರು ಸರದಿ. ಎತ್ತಿ ಮನೆಗೆ ಹೋಗುವುದು. ಏಳು ವಾರದಲ್ಲಿ ಲಾಗ್ 80ರಿಂದ 85ಕ್ಕೆ ಏರಿತು. ಬಾರ್ ಕೆಲಸದಲ್ಲಿ ಒಂದು ಸಣ್ಣ ನೋವೂ ಬರಲಿಲ್ಲ.

ಎಡವಿದ್ದು ಕಲ್ಲಿನ ಹತ್ತಿರ. ಬಾರ್‌ಗೆ ಎರಡೂವರೆ ಕೆಜಿ ಸೇರಿಸಬಹುದು, ಕಲ್ಲಿಗೆ ಹೇಗೆ ಸೇರಿಸುತ್ತೀರಿ? ನಮ್ಮ ಜಿಮ್‌ನಲ್ಲಿ ಮೂರು ಕಲ್ಲಿವೆ. 40 ಸೆಂಟಿಮೀಟರ್ ಅಡ್ಡಳತೆಯದು ಸುಮಾರು 80 ಕೆಜಿ, 43ರದ್ದು 100, 46ರದ್ದು 120ರ ಮೇಲೆ. ಮೂರೇ ಸೆಂಟಿಮೀಟರ್ ಹೆಚ್ಚಿದರೂ ಭಾರ 20 ಕೆಜಿ ಜಿಗಿಯುತ್ತದೆ. ಗುಂಡಗಿನ ವಸ್ತು ಅಗಲವಾದಂತೆ ಎಲ್ಲ ಕಡೆಯೂ ಬೆಳೆಯುತ್ತದಲ್ಲ, ಅದಕ್ಕೆ. ಕಾಗದದಲ್ಲಿ ಶೇ 85 ಎಂದಿದ್ದರೆ ಆ ತೂಕದ ಕಲ್ಲೇ ನನ್ನ ಹತ್ತಿರ ಇಲ್ಲ. ಭಾರ ಬದಲಿಸಲು ಆಗದ್ದರಿಂದ ಎಣಿಕೆ ಏರಿಸುತ್ತಾ ಹೋದೆ. ಆರು, ಎಂಟು, ಹತ್ತು. ಸೊಂಟ ಹಿಡಿದುಕೊಂಡಿದ್ದು ಆ ಹತ್ತರ ವಾರ.

ಇನ್ನೊಂದು ವಿಷಯ. ಅದೇ ಕಲ್ಲು ದಿನಕ್ಕೊಂದು ಥರ ಇರುತ್ತದೆ. ಮುಂಗೈಗೆ ಟ್ಯಾಕಿ ಎಂಬ ರಾಳದ ಅಂಟು ಹಚ್ಚಿಕೊಂಡು ಎತ್ತುತ್ತೇವೆ. ಏಪ್ರಿಲ್ ಬಿಸಿಲಿಗೆ ಅದು ಕರಗಿ ಜಾರುತ್ತದೆ. ಡಿಸೆಂಬರ್ ಬೆಳಗ್ಗೆ ಗಟ್ಟಿಯಾಗಿಬಿಡುತ್ತದೆ. (ಬಿಡಿಸಿಕೊಳ್ಳಲು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ. ಬರೀ ಸೋಪಿನಿಂದ ಹೋಗುವುದಿಲ್ಲ.) ಜಾರುವ ದಿನ ಅದೇ 100 ಕೆಜಿ ಕಲ್ಲನ್ನು ತುಂಬಾ ಜಾಸ್ತಿ ಬಿಗಿದು ಅಪ್ಪಬೇಕು. ಕೈ ಬೇಗ ಸೋಲುತ್ತದೆ, ಕೈ ಸೋತರೆ ಬೆನ್ನು ಬಾಗುತ್ತದೆ. ಗುರುವಾರ ರಾತ್ರಿ ಆಫೀಸ್ ಕೆಲಸಕ್ಕೆ ಎರಡು ಗಂಟೆವರೆಗೆ ಎದ್ದಿದ್ದು, ಶುಕ್ರವಾರ ಡೆಡ್‌ಲಿಫ್ಟ್ ಮಾಡಿದ್ದು, ಶನಿವಾರ ಬಿಸಿಲಿದ್ದದ್ದು, ಯಾವುದೂ ಕಾಗದಕ್ಕೆ ಗೊತ್ತಿರಲಿಲ್ಲ.

ಎರಡನೇ ದಾರಿ: ಮೈ ಹೇಳಿದಷ್ಟು

ದಣಿವನ್ನು ಅಂಕಿಯಲ್ಲಿ ಹೇಳುವ ಪದ್ಧತಿ ತಂದವರು ಸ್ವೀಡನ್ನಿನ ಗುನ್ನಾರ್ ಬೋರ್ಗ್. ಅವರ ಅಳತೆ 6ರಿಂದ 20ರವರೆಗೆ. ಆ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಹೃದಯದ ಬಡಿತ ಸಿಗಬೇಕು ಅನ್ನುವುದು ಅದರ ಹಿಂದಿನ ಲೆಕ್ಕ. ಭಾರ ಎತ್ತುವವರು ಬಳಸುವುದು 10ರ ಅಳತೆ, ಆರ್‌ಪಿಇ ಎನ್ನುತ್ತಾರೆ. 10 ಅಂದರೆ ಇನ್ನೊಂದು ಆಗುತ್ತಲೇ ಇರಲಿಲ್ಲ. 8 ಅಂದರೆ ಇನ್ನೆರಡು ಉಳಿದಿತ್ತು. ಕಾಗದದಲ್ಲಿ ಭಾರ ಬರೆಯುವುದಿಲ್ಲ, '8ರವರೆಗೆ' ಎಂದಷ್ಟೇ ಬರೆಯುತ್ತೀರಿ.

ಮೊದಲ ಒಂದು ತಿಂಗಳು ಬಿಡುಗಡೆ ಸಿಕ್ಕ ಹಾಗಿತ್ತು. ಮಗಳಿಗೆ ಜ್ವರ ಬಂದು ಮೂರು ರಾತ್ರಿ ನಿದ್ದೆಗೆಟ್ಟ ವಾರ 140 ಕೆಜಿಯೇ 8 ಅನಿಸಿತು. ಅಲ್ಲಿಗೇ ನಿಲ್ಲಿಸಿದೆ. ಹಳೇ ಪದ್ಧತಿಯಲ್ಲಿ 170 ಎಳೆಯಲು ಹೋಗಿ ಏನಾದರೂ ಮಾಡಿಕೊಳ್ಳುತ್ತಿದ್ದೆ. ನಿದ್ದೆ ಚೆನ್ನಾಗಿ ಆದ ವಾರ ತಾನಾಗಿ ಮೇಲೆ ಹೋಯಿತು.

ಆಮೇಲೆ ತೊಂದರೆ ಶುರುವಾಯಿತು. ಗೆಳೆಯರು ಸುತ್ತ ನಿಂತು ಹುರಿದುಂಬಿಸುವ ಶನಿವಾರ, ನಿಜಕ್ಕೂ 9 ಆಗಿದ್ದನ್ನು 8 ಎಂದು ಬರೆಯುತ್ತಿದ್ದೆ. ಒಬ್ಬನೇ ಇರುವ ಮಂಗಳವಾರ 7 ಆಗಿದ್ದನ್ನು 8 ಎಂದು ಬರೆದು ಬೇಗ ಬಿಡುತ್ತಿದ್ದೆ. ಅಂಕಿ ಎರಡೂ ದಿನ ಒಂದೇ, ಕೆಲಸ ಒಂದೇ ಅಲ್ಲ. 12 ವಾರದ ಕೊನೆಗೆ ಡೆಡ್‌ಲಿಫ್ಟ್ ಶುರುವಿನಲ್ಲಿದ್ದಷ್ಟೇ ಇತ್ತು. ಡಿಲೋಡ್ ಅಂತೂ ಒಂದೂ ತೆಗೆದುಕೊಳ್ಳಲಿಲ್ಲ. ಬೇಕು ಅನಿಸಿದಾಗ ತೆಗೆದುಕೊಳ್ಳೋಣ ಅಂದುಕೊಂಡಿದ್ದೆ. ಅನಿಸಿದ್ದು ಹತ್ತನೇ ವಾರ, ಆಗ ಸ್ಪರ್ಧೆ ಎದುರಿಗೇ ಇತ್ತು.

ಕಲ್ಲಿಗೆ ಈ ಅಳತೆಯೂ ಒಗ್ಗಲಿಲ್ಲ. ಡೆಡ್‌ಲಿಫ್ಟ್‌ನಲ್ಲಿ ಬಾರ್ ನಿಧಾನವಾಗುತ್ತದೆ, ಇನ್ನೆಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ಕಲ್ಲು ಹಾಗಲ್ಲ. ತೊಡೆ ಮೇಲಿಂದ ಸೊಂಟ ಒಮ್ಮೆ ಸರಿಯಾಗಿ ಬಿಚ್ಚಿಕೊಂಡರೆ ಕಟ್ಟೆ ಮೇಲೆ ಕೂರುತ್ತದೆ, ಇಲ್ಲದಿದ್ದರೆ ಇಲ್ಲ. ಐದನೆಯದು ಸಲೀಸಾಗಿ ಹೋಗಿ ಆರನೆಯದು ನೆಲವನ್ನೇ ಬಿಡದ ದಿನಗಳಿವೆ.

ಆದರೆ ನನಗೆ ನಿಜವಾದ ಪೆಟ್ಟು ಕೊಟ್ಟಿದ್ದು ಟೈರ್. ದೊಡ್ಡ ಟೈರ್ ಮಗುಚುವಾಗ ಅಂಗೈ ಮೇಲೆ ಮಾಡಿ ಅಡಿಗೆ ಕೈ ಹಾಕುತ್ತೇವೆ. ಕೈ ನೇರ ಇಟ್ಟು ಎದೆಯಿಂದ ಮುಂದಕ್ಕೆ ತಳ್ಳಬೇಕು. ಮೊಣಕೈ ಮಡಚಿ ಎಳೆದರೆ ಬೈಸೆಪ್ಸ್‌ನ (ಮೇಲ್ತೋಳಿನ ಮುಂಭಾಗದ ಸ್ನಾಯುವಿನ) ಟೆಂಡನ್ ಮೇಲೆ ಭಾರ ಬೀಳುತ್ತದೆ. ಟೆಂಡನ್ ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಹುರಿ. ಈ ಆಟದಲ್ಲಿ ಬೈಸೆಪ್ಸ್ ಹರಿದುಕೊಂಡವರು ಬಹಳ ಜನ. ಆ ದಿನ ಟೈರ್ 6 ಅನಿಸಿತು, ಅಷ್ಟು ಹಗುರ. ಹನ್ನೆರಡು ಸಲ ಮಗುಚಿದೆ. ಒಮ್ಮೆಯೂ ನೋಯಲಿಲ್ಲ. ಮರುದಿನ ಬೆಳಗ್ಗೆ ಎಡ ಮೊಣಕೈಯ ಒಳಮಡಿಕೆ ಹಿಡಿದುಕೊಂಡಿತ್ತು. ಬಾಗಿಲ ಚಿಲಕ ತಿರುಗಿಸಲು ಆಗಲಿಲ್ಲ. ಹರಿದಿರಲಿಲ್ಲ, ಎಳೆದಿತ್ತು. ಅಷ್ಟಕ್ಕೇ ಏಳು ವಾರ ಹೋಯಿತು. ಎರಡನೇ ಸ್ಪರ್ಧೆಯಲ್ಲಿ ಐದು ಆಟದಲ್ಲಿ ಮೂರು ಮಾತ್ರ ಆಡಿದೆ.

ಮೈ ಮಾತು ಕೇಳುವ ಪದ್ಧತಿಯಲ್ಲಿ ನನಗೆ ಕಾಣದೇ ಇದ್ದದ್ದು ಇದು. ಸ್ನಾಯು ದಣಿದರೆ ಅಲ್ಲೇ ಹೇಳುತ್ತದೆ. ಹುರಿ ಮಾರನೇ ದಿನ ಹೇಳುತ್ತದೆ. ಎತ್ತುವ ಹೊತ್ತಿನಲ್ಲಿ ಎಷ್ಟೇ ಪ್ರಾಮಾಣಿಕವಾಗಿ ಅಂಕಿ ಹಾಕಿದರೂ ಅದರ ದಣಿವು ಆ ಅಂಕಿಯಲ್ಲಿ ಇರುವುದಿಲ್ಲ.

ಗಾಯ ಆದಾಗ: ಮಲಗಿದ್ದು, ನಡೆದಿದ್ದು

ಮೊದಲ ಸಲ ಸೊಂಟ ಹಿಡಿದಾಗ ಎಲ್ಲರೂ ಹೇಳಿದ್ದು ಒಂದೇ, ಅಲುಗಾಡಬೇಡ, ಮಲಗು. ಹತ್ತು ದಿನ ಮಲಗಿದೆ, ಒಟ್ಟು ಮೂರು ವಾರ ಏನೂ ಎತ್ತಲಿಲ್ಲ. ನೋವು ಹೋಯಿತು, ಜೊತೆಗೆ ಧೈರ್ಯವೂ ಹೋಯಿತು. ಬಗ್ಗಿ ಬಕೆಟ್ ಎತ್ತಲು ಹೆದರುತ್ತಿದ್ದೆ. ಸ್ಪರ್ಧೆಯ ದಿನ 80 ಕೆಜಿ ಕಲ್ಲೊಂದೇ ಹೋಯಿತು.

ಎರಡನೇ ತಯಾರಿಯಲ್ಲಿ ಅದೇ ಜಾಗ ಮತ್ತೊಮ್ಮೆ ಹಿಡಿಯಿತು. ಈ ಸಲ ಒಬ್ಬ ಫಿಸಿಯೋ ಹೇಳಿದಂತೆ ಎರಡನೇ ದಿನವೇ ನಡೆಯಲು ಶುರು ಮಾಡಿದೆ. ನಾಲ್ಕನೇ ದಿನ 20 ಕೆಜಿ ಖಾಲಿ ಬಾರ್ ಹಿಡಿದು ನಿಧಾನಕ್ಕೆ ಬಗ್ಗಿದೆ. ನಿಯಮ ಎರಡು. ನೋವು ಹತ್ತರಲ್ಲಿ ಮೂರು ದಾಟಬಾರದು. ಮರುದಿನ ಬೆಳಗ್ಗೆ ನಿನ್ನೆಗಿಂತ ಜಾಸ್ತಿ ಆಗಿರಬಾರದು. 12ನೇ ದಿನ 120 ಎಳೆದೆ. ಎರಡನೇ ಪೆಟ್ಟು ಮೊದಲಿನಷ್ಟು ಜೋರಾಗಿರಲಿಲ್ಲ, ಅದನ್ನೂ ಹೇಳಬೇಕು. ಆದರೂ ಇನ್ನು ನಾನು ಸುಮ್ನೆ ಮಲಗುವುದಿಲ್ಲ. ಸಾಮಾನ್ಯ ಸೊಂಟ ನೋವಿಗೆ ದಿನಗಟ್ಟಲೆ ಹಾಸಿಗೆ ಹಿಡಿಯಬೇಡಿ ಎಂದೇ ಈಗಿನ ವೈದ್ಯರು ಹೇಳುವುದು.

ಆದರೆ ದಯವಿಟ್ಟು ಇದನ್ನು ಗಮನಿಸಿ. ಕಾಲಿನ ಶಕ್ತಿ ಕಡಿಮೆಯಾದರೆ, ತೊಡೆಯ ಸಂದಿ ಜೋಮು ಹಿಡಿದರೆ, ಮೂತ್ರ ಹಿಡಿತ ತಪ್ಪಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಮೊಣಕೈ ಹತ್ತಿರ ಪಟ್ ಎಂದು ಸದ್ದಾಗಿ, ಚರ್ಮ ಕಪ್ಪುಗಟ್ಟಿ, ಬೈಸೆಪ್ಸ್ ಮೇಲಕ್ಕೆ ಸುರುಳಿ ಸುತ್ತಿದಂತೆ ಕಂಡರೂ ಅಷ್ಟೇ. ಹರಿದ ಟೆಂಡನ್ ಹೊಲಿಯುವುದು ತಡ ಮಾಡಿದಷ್ಟೂ ಕಷ್ಟವಾಗುತ್ತದೆ.

ಮೂರನೇ ಸಲ

ಬಾರ್ ಕೆಲಸಕ್ಕೆ ಕಾಗದಕ್ಕೇ ವಾಪಸ್ ಬಂದೆ, ಒಂದು ಬದಲಾವಣೆ ಮಾಡಿ. ಬರೆದ ಭಾರ 8 ದಾಟಿದರೆ ಉಳಿದ ಸೆಟ್ ಬಿಡುವುದು. 6 ಅನಿಸಿದರೂ ಮೇಲೆ ಹೋಗುವುದಿಲ್ಲ. ಅಂದರೆ ಮೈಗೆ ಇಳಿಸುವ ಅಧಿಕಾರ ಮಾತ್ರ, ಏರಿಸುವ ಅಧಿಕಾರ ಇಲ್ಲ. ನಾಲ್ಕನೇ ವಾರದ ಡಿಲೋಡ್ ಬೇಕು ಅನಿಸಲಿ, ಬಿಡಲಿ, ತೆಗೆದುಕೊಳ್ಳುವುದೇ. ಈ ಒಂದು ವಿಷಯದಲ್ಲಿ ನನಗೆ ಅನುಮಾನ ಉಳಿದಿಲ್ಲ.

ಯೋಕ್‌ಗೆ ಶೇಕಡಾವೂ ಬೇಡ, ಅನಿಸಿಕೆಯೂ ಬೇಡ ಎಂದು ಸ್ಟಾಪ್‌ವಾಚ್ ಹಿಡಿದೆ. 200 ಕೆಜಿ, 15 ಮೀಟರ್. ಮೊದಲ ಓಟ 11 ಸೆಕೆಂಡ್ ಆದರೆ, ಯಾವ ಓಟ 12.5 ದಾಟುತ್ತದೋ ಅದೇ ಆ ದಿನದ ಕೊನೆಯದು. ಒಳ್ಳೇ ದಿನ ಐದು ಓಟ ಸಿಗುತ್ತದೆ. ಕೆಟ್ಟ ದಿನ ಎರಡಕ್ಕೇ ಮುಗಿಯುತ್ತದೆ. ನೋವು ಕಾಣುವ ಮೊದಲೇ ಹೆಜ್ಜೆ ಭಾರವಾಗುತ್ತದೆ, ಗಡಿಯಾರಕ್ಕೆ ಅದು ನನಗಿಂತ ಮೊದಲು ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ಎರಡು ವರ್ಷದಲ್ಲಿ ಸಿಕ್ಕ ಅತ್ಯಂತ ಉಪಯೋಗದ ಸಾಧನ ಇದು.

ಕಲ್ಲಿಗೆ ಬರೀ ಎಣಿಕೆ. ಇದು ನನ್ನ ಸೋದರಮಾವನಿಂದ ಬಂದದ್ದು. ಬಾಗಲಕೋಟೆ ಕಡೆ ಜಾತ್ರೆಯಲ್ಲಿ ಕಲ್ಲು ಎತ್ತುತ್ತಿದ್ದವರು. ನನ್ನ ಸೊಂಟದ ಕತೆ ಕೇಳಿ, "ಇನ್ನೊಂದ್ ಎತ್ತಬೇಕು ಅನಸ್ತದಲ್ಲ, ಆವಾಗ ಕೆಳಗ ಇಡಬೇಕು" ಎಂದರು. ಅವರು ವಾರಕ್ಕೆ ಒಂದೇ ದಿನ ಕಲ್ಲು ಮುಟ್ಟುತ್ತಿದ್ದರಂತೆ. ನಾನೂ ಶನಿವಾರ ಆರು ಎತ್ತು, ಅಷ್ಟೇ ಎಂದು ಗೆರೆ ಹಾಕಿದೆ. ಮೂರು ವಾರಕ್ಕೊಮ್ಮೆ 120ರ ಕಲ್ಲು ಎರಡು ಸಲ. ಆರರಲ್ಲಿ ಒಂದು ತಪ್ಪಿದರೂ ಅದು ಲೆಕ್ಕಕ್ಕೆ ಸೇರುತ್ತದೆ, ಮತ್ತೆ ಪ್ರಯತ್ನ ಇಲ್ಲ. ಟೈರ್ ಎರಡು ವಾರಕ್ಕೊಮ್ಮೆ ಮಾತ್ರ, ನಾಲ್ಕು ಸಲ.

ಎಲ್ಲ ಆಟ ಶನಿವಾರಕ್ಕೇ ಇಡುವುದೋ, ವಾರಕ್ಕೆ ಹಂಚುವುದೋ ಅನ್ನುವ ಚರ್ಚೆ ನಮ್ಮ ಜಿಮ್‌ನಲ್ಲಿ ಮುಗಿದೇ ಇಲ್ಲ. ನಾನು ಹಂಚಿದೆ. ಮಂಗಳವಾರ ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕೂತು ಏಳುವುದು) ಬದಲು ಯೋಕ್, ಬುಧವಾರ ಲಾಗ್, ಗುರುವಾರ ಹಗುರ ಡೆಡ್‌ಲಿಫ್ಟ್, ಶುಕ್ರವಾರ ಖಾಲಿ. ಸ್ಪರ್ಧೆಯಲ್ಲಿ ಐದೂ ಒಂದೇ ದಿನ ಬರುತ್ತವಲ್ಲ, ಅದಕ್ಕಾಗಿ 12 ವಾರದಲ್ಲಿ ಎರಡು ಶನಿವಾರ ಮಾತ್ರ ಎಲ್ಲವನ್ನೂ ಸಾಲಾಗಿ ಮಾಡಿದೆ.

ಸ್ಮಾರ್ಟ್‌ವಾಚ್ ಕೊಡುವ ಚೇತರಿಕೆಯ ಅಂಕಿಯನ್ನೂ ಕೆಲ ತಿಂಗಳು ನೋಡಿದೆ. ಮೊಣಕೈ ಹಿಡಿದ ಬೆಳಗ್ಗೆ ಅದು ಹಸಿರೇ ತೋರಿಸಿತ್ತು. ಈಗ ಪುಸ್ತಕದಲ್ಲಿ ಮೂರೇ ಸಾಲು ಬರೆಯುತ್ತೇನೆ: ಎಷ್ಟು ಗಂಟೆ ನಿದ್ದೆ, ಎದ್ದ ಕೂಡಲೇ ನಾಡಿ ಎಷ್ಟು, ಮೊಣಕೈ ಮತ್ತು ಸೊಂಟ ನಿನ್ನೆಗಿಂತ ಹೇಗಿವೆ. ಮೂರನೇ ಸಾಲೇ ಮುಖ್ಯ.

ಮೂರನೇ ಸ್ಪರ್ಧೆಯಲ್ಲಿ ಐದೂ ಆಟ ಆಡಿದೆ. 120ರ ಕಲ್ಲು ಮೊದಲ ಬಾರಿಗೆ ಕಟ್ಟೆ ಮೇಲೆ ಕೂತಿತು. ಡೆಡ್‌ಲಿಫ್ಟ್ ಏರಿದ್ದು ಐದೇ ಕೆಜಿ, 205. ಹತ್ತಾದರೂ ಏರುತ್ತದೆ ಎಂದು ಆಸೆ ಇತ್ತು, ಬೇಸರವಾಯಿತು. ಆದರೆ ಸೋಮವಾರ ಬೆಳಗ್ಗೆ ಮಗಳನ್ನು ಎತ್ತಿಕೊಂಡೇ ಶಾಲೆಯ ಬಸ್ಸಿಗೆ ಹೋದೆ.

ಮುಂದಿನದಕ್ಕೆ ಇನ್ನು ಒಂಬತ್ತು ವಾರ ಇದೆ. ಈ ಮಂಗಳವಾರ ಯೋಕ್ 210ಕ್ಕೆ ಏರಿಸಿದೆ. ಮೊದಲ ಓಟ 12 ಸೆಕೆಂಡ್. ಎರಡನೆಯದು 12.4. ಮೂರನೆಯದು 14. ತಟ್ಟೆಗಳನ್ನು ಬಿಚ್ಚಿಟ್ಟು ಮನೆಗೆ ಬಂದೆ.