ಒಂದೇ ಕಲ್ಲು, ನಾಲ್ಕು ಥರದ ಎಕ್ಸ್‌ರೇ: ಯಾವುದು ಏನು ಹೇಳ್ತು

ನನ್ನ ಎಡಗಡೆ ಕಿಡ್ನಿಯಿಂದ ಬಿದ್ದ 4 ಮಿಲಿಮೀಟರ್ ಕಲ್ಲನ್ನ ನಾನು ನಾಲ್ಕು ಥರ ನೋಡಿದೀನಿ. ಎರಡು ಸಲ ಅದು ಮೈಯೊಳಗೇ ಇದ್ದಾಗ, ಇನ್ನೆರಡು ಸಲ ಹೊರಗೆ ಬಂದ ಮೇಲೆ, ನಾನು ದಿನಾ ಕೆಲಸ ಮಾಡೋ ಲ್ಯಾಬಲ್ಲಿ. ನಾಲ್ಕೂ ಎಕ್ಸ್‌ರೇನೇ, ಆದ್ರೆ ಒಂದು ಹೇಳಿದ್ದನ್ನ ಇನ್ನೊಂದು ಹೇಳಲಿಲ್ಲ. "ಸಿಟಿ ಸ್ಕ್ಯಾನ್ ಮಾಡ್ಸಿದ್ರೆ ಆಯ್ತಲ್ಲ, ಬಿದ್ದ ಕಲ್ಲನ್ನ ಮತ್ತೆ ಟೆಸ್ಟಿಗೆ ಯಾಕೆ ಕೊಡ್ಬೇಕು" ಅಂತ ತುಂಬಾ ಜನ ಕೇಳ್ತಾರೆ, ಅವರಿಗೋಸ್ಕರ ಇದು.

ಮೊದಲನೇದು ಸಾದಾ ಎಕ್ಸ್‌ರೇ. ರಾತ್ರಿ ಬೆನ್ನಿಂದ ಶುರುವಾಗಿ ತೊಡೆಸಂದಿ ತನಕ ಹಿಂಡೋ ನೋವು, ಕೂತ್ರೂ ಆಗಲ್ಲ ಮಲಗಿದ್ರೂ ಆಗಲ್ಲ, ಹೊಟ್ಟೆಯ ಎಕ್ಸ್‌ರೇ ತೆಗೆದ್ರು, ರಿಪೋರ್ಟಲ್ಲಿ ಏನೂ ಇಲ್ಲ ಅಂತ ಬಂತು. ಆಮೇಲೆ ಸಿಟಿ ಇಟ್ಕೊಂಡು ಅದೇ ಫಿಲ್ಮನ್ನ ಮತ್ತೆ ನೋಡಿದೆ, ಕಲ್ಲು ಅಲ್ಲೇ ಇತ್ತು, ಸೊಂಟದ ಮೂಳೆ ನೆರಳಿನ ಮೇಲೆ ಕೂತಿತ್ತು, ಎರಡೂ ಬಿಳಿ, ಯಾರ ಕಣ್ಣಿಗೂ ಬೀಳೋ ಹಾಗಿರಲಿಲ್ಲ. 1895ರಲ್ಲಿ ರಾಂಟ್‌ಜೆನ್ ಹೆಂಡತಿಯ ಕೈ ಚಿತ್ರ ತೆಗೆದಾಗಿಂದ ಇವತ್ತಿನವರೆಗೂ ಇದು ನೆರಳೇ, ಮುಂದಿರೋದು ಹಿಂದಿರೋದು ಎಲ್ಲಾ ಒಂದರ ಮೇಲೊಂದು ಬೀಳತ್ತೆ. ಇನ್ನೊಂದು ತೊಂದರೆ, ಯೂರಿಕ್ ಆಸಿಡ್ ಕಲ್ಲಾಗಿದ್ರೆ ಇದರಲ್ಲಿ ಕಾಣೋದೇ ಇಲ್ಲ, ಯಾಕಂದ್ರೆ ಅದರಲ್ಲಿರೋದು ಕಾರ್ಬನ್, ನೈಟ್ರೋಜನ್, ಆಕ್ಸಿಜನ್ನು, ಹೈಡ್ರೋಜನ್ನು ಅಷ್ಟೇ, ಸುತ್ತ ಇರೋ ಮಾಂಸದಲ್ಲೂ ಹೆಚ್ಚುಕಮ್ಮಿ ಅವೇ ಇರತ್ತೆ. ಕ್ಯಾಲ್ಸಿಯಂ ಇದ್ರೆ ಮಾತ್ರ ಬಿಳಿಯಾಗಿ ಎದ್ದು ಕಾಣತ್ತೆ.

ಎರಡನೇದು ಸಿಟಿ, ಕಾಂಟ್ರಾಸ್ಟ್ ಇಲ್ಲದ್ದು, ಅಂದ್ರೆ ಚಿತ್ರ ಎದ್ದು ಕಾಣೋಕೆ ಕೊಡೋ ಔಷಧಿ ಕೊಡದೇ ತೆಗೆದದ್ದು. ಉಸಿರು ಹಿಡೀರಿ ಅಂದ್ರು, ಬಿಡಿ ಅಂದ್ರು, ಮುಗೀತು. ಕಲ್ಲು ಎಲ್ಲಿದೆ ಅನ್ನೋ ಪ್ರಶ್ನೆಗೆ ಇದರ ಮುಂದೆ ಯಾವುದೂ ನಿಲ್ಲಲ್ಲ. ಯುರೇಟರ್, ಅಂದ್ರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗೋ ನಾಳ, ಅದರೊಳಗೆ ಸಿಕ್ಕಿಹಾಕ್ಕೊಂಡಿರೋ ಬಿಳಿ ಚುಕ್ಕೆ, ಅದರ ಮೇಲ್ಗಡೆ ನಾಳ ಊದಿರೋದು, ಎಲ್ಲಾ ಸ್ಪಷ್ಟ. ಜೊತೆಗೆ ಎಕ್ಸ್‌ರೇಯನ್ನ ಎಷ್ಟು ತಡೆಯತ್ತೆ ಅಂತ ಹೇಳೋ ಹೌನ್ಸ್‌ಫೀಲ್ಡ್ ನಂಬರ್ ಸಿಗತ್ತೆ, ಗಾಳಿ ಅಂದ್ರೆ ಮೈನಸ್ 1000, ನೀರು ಅಂದ್ರೆ ಸೊನ್ನೆ, ನನ್ನ ಕಲ್ಲು ಸಾವಿರದ ಮೇಲಿತ್ತು. ಯೂರಿಕ್ ಆಸಿಡ್ ಸಾಮಾನ್ಯವಾಗಿ 500ರ ಕೆಳಗೇ ಇರತ್ತೆ, ಹಾಗಾಗಿ ಇದು ಕ್ಯಾಲ್ಸಿಯಂ ಕಲ್ಲೇ ಅಂತ ಅಲ್ಲೇ ಅಂದಾಜಾಯ್ತು. ಎರಡು ಎನರ್ಜಿಯಲ್ಲಿ ತೆಗೆಯೋ ಡ್ಯುಯಲ್ ಎನರ್ಜಿ ಸಿಟಿ ಆದ್ರೆ ಈ ವ್ಯತ್ಯಾಸ ಇನ್ನೂ ಗಟ್ಟಿಯಾಗಿ ಗೊತ್ತಾಗತ್ತೆ, ನನಗೆ ಅದು ಮಾಡಿರಲಿಲ್ಲ.

ಆದ್ರೆ ಮೈಗೆ ಬೀಳೋ ವಿಕಿರಣದ ಡೋಸ್ ಮರೀಬಾರದು, ಅದನ್ನ ಅಳೆಯೋದು ಮಿಲಿಸೀವರ್ಟಲ್ಲಿ. ಹೊಟ್ಟೆಯ ಸಾದಾ ಎಕ್ಸ್‌ರೇ ಒಂದು ಮಿಲಿಸೀವರ್ಟ್‌ಗಿಂತ ಕಮ್ಮಿ, ಮಾಮೂಲಿ ಹೊಟ್ಟೆ ಸಿಟಿ ಸುಮಾರು 10, ಪ್ರಕೃತಿಯಿಂದಲೇ ವರ್ಷಕ್ಕೆ ನಮಗೆ ಸರಾಸರಿ 2.4 ಬೀಳತ್ತೆ. ಕಲ್ಲು ಹುಡುಕೋಕೆ ಲೋ ಡೋಸ್ ಸಿಟಿ ಸಾಕಾಗತ್ತೆ, ಸುಮಾರು 3ರಲ್ಲೇ ಮುಗಿಯತ್ತೆ, ಕೇಳಿ ನೋಡಿ, ಕೇಳೋದ್ರಲ್ಲಿ ತಪ್ಪೇನಿಲ್ಲ.

ಹತ್ತು ದಿನ ಆದ್ಮೇಲೆ ಕಲ್ಲು ತಾನಾಗೇ ಬಿತ್ತು. ಕಂದು ಬಣ್ಣ, ಒಂದು ಕಡೆ ನುಣುಪು, ಇನ್ನೊಂದು ಕಡೆ ಸಣ್ಣ ಸಣ್ಣ ಗುಬುಟು. ತೊಳೆದು ಒಣಗಿಸಿ ತೂಗಿದೆ, ಸುಮಾರು 60 ಮಿಲಿಗ್ರಾಂ.

ಮೂರನೇದು ಎಕ್ಸ್‌ಆರ್‌ಎಫ್, ಅಂದ್ರೆ ಎಕ್ಸ್‌ರೇ ಬಿಟ್ಟಾಗ ಒಂದೊಂದು ಮೂಲವಸ್ತು ತಿರುಗಿ ಕೊಡೋ ತನ್ನದೇ ಎಕ್ಸ್‌ರೇಯಿಂದ ಅದನ್ನ ಗುರುತಿಸೋದು. ಇದು ಸುಲಭ, ಕೈಯಲ್ಲಿ ಹಿಡಿಯೋ ಗನ್ನು, ಕಲ್ಲನ್ನ ಒಡೆಯೋದೂ ಬೇಡ, ಒಂದು ನಿಮಿಷ. ಗ್ರಾಫಲ್ಲಿ ಕ್ಯಾಲ್ಸಿಯಂ ಪೀಕು 3.69 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಎನರ್ಜಿಯಲ್ಲಿ ಗೋಪುರದ ಥರ ಎದ್ದಿತ್ತು, ಪಕ್ಕದಲ್ಲಿ ಚೂರು ಝಿಂಕು, ಚೂರು ಸ್ಟ್ರಾನ್ಷಿಯಂ, ಫಾಸ್ಫರಸ್‌ದೊಂದು ಸಣ್ಣ ಉಬ್ಬು. ಅಷ್ಟೇ. ಕಾರ್ಬನ್ನು ಆಕ್ಸಿಜನ್ನು ಇದಕ್ಕೆ ಕಾಣಲ್ಲ, ಅವುಗಳಿಂದ ಬರೋ ಎಕ್ಸ್‌ರೇ ಎಷ್ಟು ದುರ್ಬಲ ಅಂದ್ರೆ ಡಿಟೆಕ್ಟರ್ ಮುಟ್ಟೋ ಮೊದ್ಲೇ ಗಾಳಿ ನುಂಗಿಬಿಡತ್ತೆ. ಒಂದು ಸೀಮೆಸುಣ್ಣದ ತುಂಡಿಟ್ಟಿದ್ರೂ ಇದೇ ಕ್ಯಾಲ್ಸಿಯಂ ಗೋಪುರ ಬರ್ತಿತ್ತು. ಇಷ್ಟಕ್ಕೇ ಇದನ್ನ ಬದಿಗಿಡೋಣ ಅನ್ಕೊಂಡಿದ್ದೆ.

ನಾಲ್ಕನೇದು, ನನಗೆ ಮನಸ್ಸು ತುಂಬಿದ್ದು, ಎಕ್ಸ್‌ಆರ್‌ಡಿ, ಅಂದ್ರೆ ಹರಳಿಗೆ ಬಿದ್ದ ಎಕ್ಸ್‌ರೇ ಯಾವ ಯಾವ ಕೋನದಲ್ಲಿ (ಡಿಗ್ರೀಲಿ) ಜೋರಾಗಿ ಚಿಮ್ಮತ್ತೆ ಅಂತ ನೋಡೋದು. ಯಾವ ಮೂಲವಸ್ತು ಇದೆ ಅಂತ ಇದು ಕೇಳಲ್ಲ, ಪರಮಾಣುಗಳು ಹೆಂಗೆ ಸಾಲಾಗಿ ನಿಂತಿವೆ ಅಂತ ಕೇಳತ್ತೆ. ಲಾರೆನ್ಸ್ ಬ್ರಾಗ್ 1913ರಲ್ಲಿ ಅಡುಗೆ ಉಪ್ಪಿನ ಹರಳನ್ನ ಬಿಡಿಸಿದ್ದು ಇದೇ ದಾರೀಲಿ, ಎರಡು ವರ್ಷಕ್ಕೆ ಅವನಿಗೂ ಅವನಪ್ಪ ವಿಲಿಯಂಗೂ ನೊಬೆಲ್ ಬಂತು, ಆಗ ಲಾರೆನ್ಸ್‌ಗೆ 25. ಕಲ್ಲನ್ನ ಅಗೇಟ್ ಅನ್ನೋ ಗಟ್ಟಿ ಶಿಲೆಯ ಕುಟ್ಟಾಣೀಲಿ ಅರೆದೆ, ಹಿಟ್ಟಿನ ಥರ ಆಗೋ ತನಕ. ಪುಡಿ ಇಷ್ಟು ಕಮ್ಮಿ ಇರೋವಾಗ ಮಾಮೂಲಿ ಹೋಲ್ಡರ್ ತುಂಬಲ್ಲ, ಅದಕ್ಕೆ ತನ್ನದೇ ಪೀಕ್ ಕೊಡದ ಸಿಲಿಕಾನ್ ಪ್ಲೇಟ್ ತಗೊಂಡೆ. ಮೊದಲ ಸಲ ಗಾಜಿನ ಸ್ಲೈಡಿಂದ ಒತ್ತಿಬಿಟ್ಟೆ, 14.9 ಡಿಗ್ರೀಲಿ ಒಂದೇ ಪೀಕು ಆಕಾಶಕ್ಕೆ ಹೋಯ್ತು, ಮಿಕ್ಕಿದ್ದೆಲ್ಲ ನೆಲ ಕಚ್ಚಿದ್ವು. ಚಪ್ಪಟೆ ಹರಳುಗಳು ಒತ್ತಿದಾಗ ಎಲ್ಲಾ ಒಂದೇ ಮಗ್ಗುಲಿಗೆ ಮಲಗಿಬಿಡ್ತವೆ, ಅದರ ಫಲ ಇದು. ಪ್ಲೇಟ್ ಒರೆಸಿ, ಮೇಲಿಂದ ಉದುರಿಸಿ, ಮತ್ತೆ ಓಡಿಸಿದೆ. ಈ ಸಲ 14.9, 24.4 ಎರಡೂ ಸರಿಯಾದ ಎತ್ತರಕ್ಕೆ ಬಂದ್ವು. ಅವೆರಡೂ ಹ್ಯೂವೆಲೈಟ್‌ದು (whewellite), ಅಂದ್ರೆ ಒಂದು ನೀರಿನ ಅಣು ಇರೋ ಕ್ಯಾಲ್ಸಿಯಂ ಆಕ್ಸಲೇಟ್. 14.3ರಲ್ಲಿ ಒಂದು ಪುಟ್ಟ ಪೀಕು ಇತ್ತು, ಅದು ಎರಡು ನೀರಿನ ಅಣು ಇರೋ ವೆಡ್ಡೆಲೈಟ್.

32 ಡಿಗ್ರಿ ಹತ್ರ ಒಂದು ಅಗಲವಾದ ಉಬ್ಬಿತ್ತು. ವೆಡ್ಡೆಲೈಟ್‌ಗೂ ಅಲ್ಲೊಂದು ಪೀಕಿದೆ, ಮೂಳೇಲಿರೋ ಅಪಟೈಟ್‌ಗೂ ಅಲ್ಲೇ, ಯಾವುದು ಅಂತ ಒಂದು ದಿನ ತಲೆ ಕೆಡಿಸ್ಕೊಂಡಿದ್ದೆ. ಆಮೇಲೆ ನೆನಪಾಗಿದ್ದು ಎಕ್ಸ್‌ಆರ್‌ಎಫ್‌ನ ಫಾಸ್ಫರಸ್. ಆಕ್ಸಲೇಟಲ್ಲಿ ಫಾಸ್ಫರಸ್ ಇರೋದೇ ಇಲ್ಲ, ಅಪಟೈಟಲ್ಲಿ ಇದೆ. ಅಂದ್ರೆ ಕಲ್ಲಲ್ಲಿ ಸ್ವಲ್ಪ ಅಪಟೈಟೂ ಇದೆ. ಬದಿಗಿಡೋಣ ಅಂದಿದ್ನಲ್ಲ, ಅದೇ ಇಲ್ಲಿ ಕೈ ಹಿಡೀತು.

ನೋವಿರೋ ರಾತ್ರಿ ನನ್ನ ವೋಟು ಕಣ್ಣು ಮುಚ್ಚಿ ಲೋ ಡೋಸ್ ಸಿಟಿಗೆ. ಕಲ್ಲು ಸಾದಾ ಎಕ್ಸ್‌ರೇಲೂ ಕಾಣೋ ಥರದ್ದು, ಜಾಗಾನೂ ಸಿಟಿಯಿಂದ ಗೊತ್ತಾಗಿದೆ ಅಂದ್ರೆ, ಜಾರಿದ್ಯಾ ಇಲ್ವಾ ನೋಡೋಕೆ ಸಾದಾದೇ ಸಾಕು. ಕಲ್ಲು ಕೈಗೆ ಬಂದ ಮೇಲೆ ಎಕ್ಸ್‌ಆರ್‌ಡಿ ಮಾಡ್ಸಿ, ಯಾಕಂದ್ರೆ ಮತ್ತೆ ಬರದ ಹಾಗೆ ಡಾಕ್ಟರ್ ಕೊಡೋ ಚಿಕಿತ್ಸೆ ಕಲ್ಲು ಯಾವುದರಿಂದ ಆಗಿದೆ ಅನ್ನೋದರ ಮೇಲೇ ನಿಂತಿರತ್ತೆ, ಸಾವಿರ ಅನ್ನೋ ಸಿಟಿ ನಂಬರ್ ಒಂದನ್ನೇ ಇಟ್ಕೊಂಡು ಆಕ್ಸಲೇಟಾ ಅಪಟೈಟಾ ಎರಡೂನಾ ಅಂತ ಹೇಳೋಕಾಗಲ್ಲ.

ಒಂದು ಕೊರಗು ಉಳಿದಿದೆ. ಆ ಅಪಟೈಟ್ ಕಲ್ಲಿನ ನಡುವಲ್ಲಿತ್ತಾ, ಆ ನುಣುಪು ಕಡೆ ಅಂಟ್ಕೊಂಡಿತ್ತಾ ಅಂತ ಗೊತ್ತಿಲ್ಲ, ಎಷ್ಟೋ ಕಲ್ಲುಗಳು ಕಿಡ್ನಿ ಗೋಡೇಲಿ ಕೂತ ಅಪಟೈಟ್ ಮಚ್ಚೆ ಮೇಲೇ ಬೆಳೆಯೋದು, ಹಾಗಾಗಿ ಅದು ಗೊತ್ತಾಗ್ಬೇಕಿತ್ತು. ಸಣ್ಣ ವಸ್ತುಗಳ ಒಳಗನ್ನ ತೋರಿಸೋ ಮೈಕ್ರೋ ಸಿಟಿಯಲ್ಲಿಟ್ಟು ತಿರುಗಿಸಿದ್ರೆ ಪದರ ಪದರ ಕಾಣ್ತಿತ್ತು, ನಾನು ಆತುರದಲ್ಲಿ ಅರೆದುಬಿಟ್ಟೆ. ಬಲಗಡೆ ಕಿಡ್ನೀಲಿ ಇನ್ನೊಂದು 3 ಮಿಲಿಮೀಟರ್‌ದು ಇದೆ ಅಂತ ಅದೇ ಸಿಟಿಯಲ್ಲಿ ಬಂದಿದೆ. ಅದು ಬಿದ್ದ ದಿನ ಮೊದಲು ಮೈಕ್ರೋ ಸಿಟಿ, ಆಮೇಲೆ ಎಕ್ಸ್‌ಆರ್‌ಎಫ್, ಕುಟ್ಟಾಣಿ ಮುಟ್ಟೋದು ಕೊನೆಗೆ.