ರೆಸೊಲ್ಯೂಟ್‌ನಿಂದ ಗ್ರೀಸ್ ಫಿಯೋರ್ಡ್‌ಗೆ ಎಷ್ಟು ದೂರ? ನಾಲ್ಕು ರೀತಿ ಅಳೆದು ನೋಡಿದೆ

ಎರಡೂ ಕೆನಡಾದ ಉತ್ತರ ತುದಿಯ ನುನಾವುಟ್ ಪ್ರಾಂತದಲ್ಲಿರುವ ಪುಟ್ಟ ಊರುಗಳು, ಇನುಯಿಟ್ ಅನ್ನುವ ಅಲ್ಲಿನ ಮೂಲನಿವಾಸಿಗಳದು. 1953ರಲ್ಲಿ ಕೆನಡಾ ಸರ್ಕಾರ ದಕ್ಷಿಣದ ಕಡೆಯ ಇನುಯಿಟ್ ಕುಟುಂಬಗಳನ್ನು ಹಡಗಿನಲ್ಲಿ ತಂದು ಇಲ್ಲಿ ಇಳಿಸಿತು. ಕ್ಷಮೆ ಕೇಳಿದ್ದು 2010ರಲ್ಲಿ! ರೆಸೊಲ್ಯೂಟ್ ಕಾರ್ನ್‌ವಾಲಿಸ್ ದ್ವೀಪದಲ್ಲಿದೆ, ಗ್ರೀಸ್ ಫಿಯೋರ್ಡ್ ಎಲ್ಸ್‌ಮಿಯರ್ ದ್ವೀಪದಲ್ಲಿ. ರಸ್ತೆ ಅನ್ನೋ ಮಾತೇ ಇಲ್ಲ. ಹಾಗಾಗಿ ವಿಮಾನದ ದೂರವೇ ದೂರ.

ಮೊದಲು ಗೋಡೆಗೆ ಹಾಕುವ ಪ್ರಪಂಚದ ನಕ್ಷೆ, ಮರ್ಕೇಟರ್ ಶೈಲಿಯದು. ಸಮಭಾಜಕದ ಅಳತೆ ಹಿಡಿದು ಸ್ಕೇಲ್ ಇಟ್ಟರೆ ಸಾವಿರದ ಐನೂರು ಕಿಲೋಮೀಟರ್ ದಾಟುತ್ತದೆ. ನಿಜವಾದ ದೂರದ ನಾಲ್ಕು ಪಟ್ಟು! ಇದೇ ನಕ್ಷೆಯಲ್ಲಿ ಬೆಂಗಳೂರು–ಮಂಗಳೂರು ಅಳೆದರೆ ತಪ್ಪು ನೂರಕ್ಕೆ ಎರಡು ಮೂರು ಅಷ್ಟೇ. ನಮ್ಮ ಕಡೆ ನಕ್ಷೆ ಮೋಸ ಮಾಡುವುದು ಗೊತ್ತೇ ಆಗುವುದಿಲ್ಲ. ಉತ್ತರಕ್ಕೆ ಹೋದಷ್ಟೂ ಅದು ಎಲ್ಲವನ್ನೂ ಹಿಗ್ಗಿಸುತ್ತದೆ.

ಗ್ಲೋಬ್ ಮೇಲೆ ದಾರ ಎಳೆಯುವುದು ಪ್ರಾಮಾಣಿಕ ವಿಧಾನ, ಆದರೆ ಒರಟು. 30 ಸೆಂಟಿಮೀಟರ್ ಅಗಲದ ಗ್ಲೋಬ್‌ನಲ್ಲಿ ಈ ಎರಡು ಊರುಗಳ ನಡುವೆ ಒಂದು ಸೆಂಟಿಮೀಟರ್ ಕೂಡ ಇಲ್ಲ. ದಾರ ಒಂದು ಮಿಲಿಮೀಟರ್ ಜಾರಿದರೆ 42 ಕಿಲೋಮೀಟರ್ ಹೋಯಿತು. ಮೇಲಾಗಿ ಊರಿನ ಹೆಸರಿನ ಅಕ್ಷರಗಳೇ ಊರನ್ನು ಮುಚ್ಚಿಬಿಡುತ್ತವೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಪೆನ್ಸಿಲ್ ಲೆಕ್ಕ. ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶದ ವ್ಯತ್ಯಾಸ 1.71 ಡಿಗ್ರಿ, ಅಂದರೆ 190 ಕಿಲೋಮೀಟರ್. ರೇಖಾಂಶದ ವ್ಯತ್ಯಾಸ 12 ಡಿಗ್ರಿ ಚಿಲ್ಲರೆ. ಆದರೆ ಅಲ್ಲಿ ಒಂದು ರೇಖಾಂಶ ಡಿಗ್ರಿ ಅಂದರೆ ಸಮಭಾಜಕದಲ್ಲಿರುವಂತೆ 111 ಅಲ್ಲ, ಸುಮಾರು 28 ಕಿಲೋಮೀಟರ್ ಮಾತ್ರ, ಯಾಕಂದರೆ ರೇಖೆಗಳೆಲ್ಲ ಧ್ರುವದ ಕಡೆ ಒತ್ತಿಕೊಂಡು ಬಂದಿರುತ್ತವೆ. ಆ 12 ಡಿಗ್ರಿ ಚಿಲ್ಲರೆಯನ್ನು 111ರಿಂದಲೂ ನಡುವಿನ ಅಕ್ಷಾಂಶದ ಕೊಸೈನ್‌ನಿಂದಲೂ ಗುಣಿಸಿದರೆ 334 ಕಿಲೋಮೀಟರ್. ಇನ್ನು ಹೈಸ್ಕೂಲಿನ ಪೈಥಾಗೊರಸ್ ಸಾಕು: 384 ಕಿಲೋಮೀಟರ್!

ಕೊನೆಗೆ ಗ್ರೇಟ್ ಸರ್ಕಲ್ ಮ್ಯಾಪರ್, ವಿಮಾನ ನಿಲ್ದಾಣಗಳ ನಡುವಿನ ದೂರ ಹೇಳುವ ವೆಬ್ ತಾಣ. ವೈಆರ್‌ಬಿ, ವೈಜಿಝಡ್ ಅಂತ ಎರಡು ನಿಲ್ದಾಣಗಳ ಕೋಡ್ ಹೊಡೆದರೆ ಮುಗಿಯಿತು. ಸುಮಾರು 385 ಕಿಲೋಮೀಟರ್, ನಾಟಿಕಲ್ ಮೈಲಿಯಲ್ಲಿ 208. ಭೂಮಿ ಪೂರ್ತಿ ಗುಂಡಗಿದೆ ಅಂದುಕೊಳ್ಳುವ ಕ್ಯಾಲ್ಕುಲೇಟರ್‌ಗಳು 383 ಅನ್ನುತ್ತವೆ. ಧ್ರುವದ ಬಳಿ ಭೂಮಿ ಸ್ವಲ್ಪ ಚಪ್ಪಟೆ ಅನ್ನುವುದನ್ನು ಸೇರಿಸಿಕೊಂಡರೆ ಆ ಎರಡು ಕಿಲೋಮೀಟರ್ ಕೂಡುತ್ತದೆ. ಬೇಗ ಉತ್ತರ ಬೇಕಿದ್ದರೆ ಇದನ್ನೇ ಬಳಸಿ. ಮ್ಯಾಪ್ ಆ್ಯಪ್‌ನಲ್ಲಿ ಬೆರಳಿಂದ ಚುಕ್ಕಿ ಇಡುವುದಾದರೆ ಊರಿನ ಮೇಲಲ್ಲ, ರನ್‌ವೇ ಮೇಲೇ ಇಡಿ. ರೆಸೊಲ್ಯೂಟ್‌ನಲ್ಲಿ ನಿಲ್ದಾಣ ಊರಿಗೆ ಅಂಟಿಕೊಂಡಿಲ್ಲ.

ಆದರೆ ದೂರದ ಜೊತೆ 'ಪ್ರಯಾಣದ ಸಮಯ' ಅಂತ ಅರ್ಧ ಗಂಟೆ ತೋರಿಸುವ ತಾಣಗಳನ್ನು ಮಾತ್ರ ನಂಬಬೇಡಿ. ಅದು ಗಂಟೆಗೆ 800 ಕಿಲೋಮೀಟರ್ ಓಡುವ ಜೆಟ್‌ನ ಲೆಕ್ಕ. ಗ್ರೀಸ್ ಫಿಯೋರ್ಡ್‌ನದು ಜಲ್ಲಿಯ ಗಿಡ್ಡ ರನ್‌ವೇ, ಅಲ್ಲಿ ಇಳಿಯುವುದು ಟ್ವಿನ್ ಆಟರ್‌ನಂಥ ಸಣ್ಣ ವಿಮಾನ. ಅದಕ್ಕೆ ಹತ್ತಿರ ಹತ್ತಿರ ಒಂದೂವರೆ ಗಂಟೆ ಬೇಕು, ಅದೂ ಮಂಜು ಕವಿಯದಿದ್ದರೆ.